ಹಳೆಯ ಕ್ರಯಪತ್ರದಲ್ಲಿ ಹೆಂಡತಿಯ ಹೆಸರು: ಡವರ್ ಹಕ್ಕನ್ನು ಓದುವ ಬಗೆ

ಡವರ್ ಎಂದರೆ ವರದಕ್ಷಿಣೆಯಲ್ಲ. ವರದಕ್ಷಿಣೆ ತವರಿನಿಂದ ಬರುತ್ತದೆ. ಡವರ್ ಗಂಡನ ಜಮೀನಿನಲ್ಲಿ ವಿಧವೆಗೆ ಸಲ್ಲುತ್ತಿದ್ದ ಪಾಲು. ಇಂಗ್ಲೆಂಡಿನ ಕಾಮನ್ ಲಾ (ರೂಢಿ ಮತ್ತು ಹಿಂದಿನ ತೀರ್ಪುಗಳಿಂದ ಬೆಳೆದ ಕಾನೂನು) ಪ್ರಕಾರ, ಮದುವೆಯ ಅವಧಿಯಲ್ಲಿ ಗಂಡನ ಒಡೆತನದಲ್ಲಿದ್ದ ಜಮೀನಿನ ಮೂರನೇ ಒಂದು ಭಾಗದ ಅನುಭೋಗ ಆಕೆ ಬದುಕಿರುವವರೆಗೆ ಆಕೆಯದಾಗಿತ್ತು. ಅನಂತರ ಅದು ಗಂಡನ ವಾರಸುದಾರರಿಗೆ ಹೋಗುತ್ತಿತ್ತು. ಈ ಕಾನೂನು ಅಮೆರಿಕದ ವಸಾಹತುಗಳಿಗೂ ಹೋಯಿತು. ವಂಶಾವಳಿ ಹುಡುಕುವವರಿಗಾಗಿ ಬರೆದ ನನ್ನ ಈ ಟಿಪ್ಪಣಿ ಮುಖ್ಯವಾಗಿ ಅಲ್ಲಿನ ದಾಖಲೆಗಳ ಬಗ್ಗೆ.

ಗಂಡ ಜಮೀನು ಮಾರಿದರೂ ಈ ಹಕ್ಕು ತಾನಾಗಿ ಅಳಿಯುತ್ತಿರಲಿಲ್ಲ. ಹಾಗಾಗಿ ಕೊಳ್ಳುವವನಿಗೆ ಹೆಂಡತಿಯ ಹಕ್ಕುಬಿಡುಗಡೆಯೂ ಬೇಕಿತ್ತು. ಅನೇಕ ಕಡೆ ನ್ಯಾಯಾಧಿಕಾರಿ ಆಕೆಯನ್ನು ಗಂಡನಿಂದ ಪ್ರತ್ಯೇಕವಾಗಿ ಕರೆದು, ಒತ್ತಾಯವಿಲ್ಲದೆ ಒಪ್ಪಿದ್ದಾಳೆಯೇ ಎಂದು ಕೇಳಿ ಬರೆದುಕೊಳ್ಳುತ್ತಿದ್ದ. ಒಕ್ಕಣೆ ಸಿದ್ಧ ಮಾದರಿಯದು ಎಂದು ಅದನ್ನು ಹಾರಿಸಿ ಓದಬೇಡಿ. 1850ಕ್ಕೆ ಮುಂಚಿನ ಅಮೆರಿಕದ ಜನಗಣತಿಯಲ್ಲಿ ಮನೆಯ ಮುಖ್ಯಸ್ಥರ ಹೆಸರಷ್ಟೇ ಇರುತ್ತಿತ್ತು. ಎಷ್ಟೋ ಹೆಂಗಸರ ಹೆಸರು ಉಳಿದಿರುವುದೇ ಈ ಸಾಲುಗಳಲ್ಲಿ. ಕ್ರಯಪತ್ರಗಳ ಸೂಚಿಯಲ್ಲಿ ‘ಎಟ್ ಉಕ್ಸ್’, ಅಂದರೆ ‘ಮತ್ತು ಪತ್ನಿ’ ಎಂದಷ್ಟೇ ಕಂಡರೆ ಮೂಲಪತ್ರವನ್ನೇ ತೆರೆಯಿರಿ.

ಒಬ್ಬನೇ ವ್ಯಕ್ತಿಯ 1802ರ ಪತ್ರದಲ್ಲಿ ಮೇರಿ, 1809ರದರಲ್ಲಿ ಸಾರಾ ಹಕ್ಕು ಬಿಟ್ಟಿದ್ದಾರೆ ಎಂದುಕೊಳ್ಳಿ. ನಡುವೆ ಮೇರಿ ತೀರಿಕೊಂಡು ಆತ ಮರುಮದುವೆಯಾಗಿರುವ ಸಾಧ್ಯತೆ ಹೆಚ್ಚು. 1805ರ ಪತ್ರದಲ್ಲಿ ಯಾವ ಹೆಂಡತಿಯೂ ಇಲ್ಲದಿದ್ದರೆ ಆಗ ವಿಧುರನಾಗಿದ್ದನೇನೋ. ಆದರೆ ಅವಸರ ಬೇಡ: ಬಿಡುಗಡೆ ಎಷ್ಟೋ ವರ್ಷ ತಡವಾಗಿ ನೋಂದಣಿಯಾಗಿರುವುದೂ ಉಂಟು. ಮುಂದಿನ ಸಂಪುಟಗಳನ್ನೂ ನೋಡಿ.

ನಾವು ಹೆಚ್ಚು ಎಡವುವುದು ಇಲ್ಲಿ: ಹಕ್ಕು ಬಿಡುವವಳು ಬೇರೆ, ಗಂಡನ ಜೊತೆ ತಾನೂ ಮಾರುವವಳು ಬೇರೆ. ಪತ್ರದ ಆರಂಭದಲ್ಲೇ ಆಕೆ ಮಾರಾಟಗಾರ್ತಿಯಾಗಿದ್ದು, ಮಾರುತ್ತಿರುವುದು ಜಮೀನಿನ ಐದನೇ ಒಂದು ಪಾಲಾಗಿದ್ದರೆ, ಅದು ಆಕೆಯ ತಂದೆಯ ಆಸ್ತಿಯಾಗಿದ್ದು ಐವರು ವಾರಸುದಾರರು ಇದ್ದಿರಬಹುದು. ಸಿಗದೆ ಕಾಡಿಸುವ ತವರಿನ ಮನೆತನದ ಹೆಸರಿಗೆ ಇದಕ್ಕಿಂತ ಒಳ್ಳೆಯ ಸುಳಿವು ಅಪರೂಪ.

ಇಂಗ್ಲೆಂಡಿನ ಕುಟುಂಬವಾದರೆ ಮದುವೆಯ ವರ್ಷ ನೋಡಿ. 1834ರ ಜನವರಿ 1ರ ನಂತರ ಮದುವೆಯಾದವರಲ್ಲಿ ಗಂಡ ಮಾರಾಟದಿಂದಲೋ ಮರಣಪತ್ರದಿಂದಲೋ ಡವರನ್ನು ತಪ್ಪಿಸಬಹುದಿತ್ತು.

ಗಂಡ ಸತ್ತ ಮೇಲಿನ ಕಾಗದಗಳು ಇನ್ನೂ ಆಪ್ತ. ವಿಧವೆಯ ಪಾಲಿಗೆ ಚಕ್ಕುಬಂದಿ ಹಾಕುವಾಗ ಕೆಲವೊಮ್ಮೆ ಮನೆಯ ಯಾವ ಕೋಣೆ ಆಕೆಗೆ, ಬಾವಿಗೆ ಹೋಗುವ ದಾರಿ ಯಾವುದು ಎಂದೂ ಬರೆಯುತ್ತಿದ್ದರು. ಅದೇ ತುಂಡನ್ನು ಮುಂದೆ ಮಕ್ಕಳು ಡವರಿನ ಉಲ್ಲೇಖವಿಲ್ಲದೆ ಪೂರ್ತಿಯಾಗಿ ಮಾರಿದ್ದರೆ, ತಾಯಿ ಅಷ್ಟರೊಳಗೆ ತೀರಿಕೊಂಡಿದ್ದಳೇ ಎಂದು ಆ ತಾರೀಖಿನಿಂದ ಹಿಂದಕ್ಕೆ ಹುಡುಕಿ.