ಪದ ಪರಿಚಯ: ಅಂಚೆ ಮತ

ನಮ್ಮ ದೊಡ್ಡವ್ವನಿಗೆ 2024ರಲ್ಲಿ 86 ವರ್ಷ. ಸಿಂಧನೂರು ತಾಲ್ಲೂಕಿನ ಹಳ್ಳಿಯಲ್ಲಿ ಅವಳ ಮನೆ. ಲೋಕಸಭೆ ಚುನಾವಣೆ ಹತ್ತಿರ ಬಂದಾಗ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಮೇಡಂ ಒಂದು ಫಾರಂ ಹಿಡಿದು ಮನೆಗೆ ಬಂದರು. "ಅಮ್ಮಾ, ನಿಮಗ ಅಂಚೆ ಮತದ ಅವಕಾಶ ಅದ. ಮನ್ಯಾಗೇ ಕುಂತು ಓಟ್ ಹಾಕಬಹುದು ನೋಡ್ರಿ" ಅಂದರು. ದೊಡ್ಡವ್ವ ನನ್ನ ಕಡೆ ತಿರುಗಿದಳು. "ಟಪಾಲದಾಗ ಹಾಕಿದ್ರ ಮುಟ್ತದೇನ್ ತಮ್ಮಾ?"

ನಿಜಾಮನ ಕಾಲ ಕಂಡ ನಮ್ಮ ಕಡೆಯ ಹಿರಿಯರಿಗೆ ಅಂಚೆ ಅನ್ನೋದಕ್ಕಿಂತ ಟಪಾಲು ಅನ್ನೋದೇ ಹತ್ತಿರದ ಮಾತು. ಟಪಾಲು ಅಂದ ಕೂಡಲೇ ಅವಳ ಕಣ್ಣ ಮುಂದೆ ಕೆಂಪು ಡಬ್ಬಿ ಬಂತು. ಓಟನ್ನು ಆ ಡಬ್ಬಿಗೆ ಹಾಕಬೇಕು, ಅದು ಎಲ್ಲೆಲ್ಲೋ ತಿರುಗಿ ನಮ್ಮ ಲೋಕಸಭಾ ಕ್ಷೇತ್ರದ ಕೊಪ್ಪಳ ಮುಟ್ಟಬೇಕು ಅಂತ ತಿಳಿದಳು. ತಪ್ಪು ಅವಳದಲ್ಲ. ಪದವೇ ಹಾಗಿದೆ.

ಅಂಚೆ ಮತ ಅಂದರೆ ಇಷ್ಟು: ಮತಗಟ್ಟೆಯ ಯಂತ್ರದಲ್ಲಿ ಬಟನ್ ಒತ್ತುವ ಬದಲು ಕಾಗದದ ಮತಪತ್ರದಲ್ಲಿ ಗುರುತು ಹಾಕಿ, ಲಕೋಟೆಯಲ್ಲಿ ಮುಚ್ಚಿ, ಚುನಾವಣಾಧಿಕಾರಿಗೆ ತಲುಪಿಸುವ ಮತ. ಅದು ಅಂಚೆಯಲ್ಲೇ ಹೋಗಬೇಕು ಅಂತಿಲ್ಲ. ಗಡಿಯಲ್ಲಿರುವ ಸೈನಿಕರ ಲಕೋಟೆ ನಿಜವಾಗಿಯೂ ಅಂಚೆಯಲ್ಲಿ ಬರುತ್ತದೆ. ಚುನಾವಣೆ ಡ್ಯೂಟಿಗೆ ಹೋಗುವ ಮೇಷ್ಟ್ರುಗಳು, ಪೊಲೀಸರು ಅದಕ್ಕಾಗಿಯೇ ತೆರೆದ ಸೌಲಭ್ಯ ಕೇಂದ್ರದಲ್ಲಿ ಹಾಕುತ್ತಾರೆ. ದೊಡ್ಡವ್ವನಂಥವರ ಮನೆಗೆ ಸಿಬ್ಬಂದಿಯೇ ಪೆಟ್ಟಿಗೆ ತಗೊಂಡು ಬರುತ್ತಾರೆ. ದಾರಿ ಮೂರು, ಹೆಸರು ಒಂದೇ.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಅಂಚೆ, ಆನ್‌ಲೈನ್, ಮತಗಟ್ಟೆ, ಈ ಮೂರರಲ್ಲಿ ಯಾವುದು ಅನುಕೂಲವೋ ಅದನ್ನು ನಾವೇ ಆರಿಸಿಕೊಳ್ಳಬಹುದು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಕೆಲವು ದೇಶಗಳಲ್ಲಿ ಹಾಗೆ ಇದೆ. ನಮ್ಮಲ್ಲಿ ಇಲ್ಲ. ಇಲ್ಲಿ ಮತಗಟ್ಟೆಗೆ ಹೋಗುವುದೇ ನಿಯಮ. ಅಂಚೆ ಮತ ಅದಕ್ಕೊಂದು ವಿನಾಯಿತಿ. ಆ ವಿನಾಯಿತಿ ಯಾರಿಗೆ ಅನ್ನುವುದನ್ನು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 60ನೇ ಸೆಕ್ಷನ್ ಮತ್ತು 1961ರ ಚುನಾವಣಾ ನಿಯಮಗಳು ಹೇಳುತ್ತವೆ. ಸೇನೆಯವರಿಗೆ, ಚುನಾವಣೆ ಕೆಲಸದಲ್ಲಿ ಇರುವವರಿಗೆ, ಮುನ್ನೆಚ್ಚರಿಕೆಯ ಬಂಧನದಲ್ಲಿ ಇರುವವರಿಗೆ ಇದು ಸಿಗುತ್ತದೆ. 2019ರಲ್ಲಿ ನಿಯಮ ತಿದ್ದಿ 'ಗೈರುಹಾಜರಿ ಮತದಾರ' ಅನ್ನುವ ಹೊಸ ಗುಂಪು ಸೇರಿಸಿದರು. 80 ದಾಟಿದ ಹಿರಿಯರು, ಶೇ 40ಕ್ಕಿಂತ ಕಡಿಮೆ ಇಲ್ಲದಷ್ಟು ಅಂಗವೈಕಲ್ಯ ಇರುವವರು, ಆಯೋಗ ಗುರುತಿಸಿದ ಅಗತ್ಯ ಸೇವೆಗಳ ನೌಕರರು ಇದರಲ್ಲಿ ಬಂದರು. ಕರ್ನಾಟಕದ ವಿಧಾನಸಭೆ ಚುನಾವಣೆಯಲ್ಲಿ ಮನೆಯಿಂದ ಮತದಾನ ಮೊದಲು ಆಗಿದ್ದು 2023ರಲ್ಲಿ. 2024ರ ಮಾರ್ಚ್‌ನಲ್ಲಿ ವಯಸ್ಸಿನ ಮಿತಿಯನ್ನು 80ರಿಂದ 85ಕ್ಕೆ ಏರಿಸಿದರು. ಹಾಗಾಗಿ 2023ರಲ್ಲಿ ಮನೆಯಲ್ಲಿ ಓಟು ಹಾಕಿದ್ದ 82ರ ಅಜ್ಜ ಮರುವರ್ಷ ಮತಗಟ್ಟೆಗೆ ನಡೆಯಬೇಕಾಯಿತು. ಈ ಬದಲಾವಣೆ ನನಗೆ ಸರಿ ಅನಿಸಿಲ್ಲ. ನಮ್ಮ ಕಡೆ ಬಿಸಿಲಿಗೆ 82 ಏನು, 85 ಏನು.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಇದೆ, ಮತಗಟ್ಟೆ ದೂರ ಇದೆ, ಊರಲ್ಲಿ ಇರುವುದಿಲ್ಲ, ಇಂಥ ಕಾರಣಕ್ಕೆಲ್ಲ ಅಂಚೆ ಮತ ಸಿಗುವುದಿಲ್ಲ. ಮತದಾನದ ದಿನ ಸಂಬಳ ಕಡಿಯದೆ ರಜೆ ಕೊಡಬೇಕು ಅಂತ ಅದೇ ಕಾಯ್ದೆಯ 135ಬಿ ಸೆಕ್ಷನ್ ಹೇಳುತ್ತದೆ. ದಿನಗೂಲಿಯವರಿಗೂ ಅದು ಅನ್ವಯಿಸುತ್ತದೆ. ಕೇಳಿ ಪಡೆಯಬೇಕು ಅಷ್ಟೇ.

ನಿಜವಾದ ಆಯ್ಕೆ ಇರುವುದು ದೊಡ್ಡವ್ವನಂಥವರಿಗೆ ಮಾತ್ರ. ಮನೆಯೋ, ಮತಗಟ್ಟೆಯೋ? ಇದನ್ನು ಬೇಗ ನಿರ್ಧಾರ ಮಾಡಬೇಕು. ಬಿಎಲ್‌ಒ ತಂದದ್ದು 12ಡಿ ನಮೂನೆ. ಚುನಾವಣೆಯ ಅಧಿಸೂಚನೆ ಹೊರಬಿದ್ದ 5 ದಿನದೊಳಗೆ ಅದು ಚುನಾವಣಾಧಿಕಾರಿಯ ಕೈ ಸೇರಬೇಕು. ಅಂಗವಿಕಲರಾದರೆ ಜೊತೆಗೆ ಸರ್ಟಿಫಿಕೇಟ್ ಇಡಬೇಕು. ಅರ್ಜಿ ಒಪ್ಪಿದ ಮೇಲೆ ಮತದಾರರ ಪಟ್ಟಿಯಲ್ಲಿ ಆ ಹೆಸರಿನ ಎದುರು 'ಪಿಬಿ' ಅಂತ ಗುರುತು ಬೀಳುತ್ತದೆ. ಪಿಬಿ ಅಂದರೆ ಪೋಸ್ಟಲ್ ಬ್ಯಾಲೆಟ್. ಒಮ್ಮೆ ಅದು ಬಿತ್ತು ಅಂದರೆ ಮತಗಟ್ಟೆಯ ಬಾಗಿಲು ಮುಚ್ಚಿದ ಹಾಗೆ. "ಇವತ್ತು ಮೈ ಹಗುರ ಅದ, ಸಾಲಿಗೇ ಹೋಗಿ ಹಾಕ್ತೀನಿ" ಅಂದರೆ ಬಿಡುವುದಿಲ್ಲ. ಸಿಬ್ಬಂದಿ ಬರುವ ದಿನ ಮೊದಲೇ ತಿಳಿಸುತ್ತಾರೆ. ಆ ದಿನ ಮನೆಯಲ್ಲಿ ಇಲ್ಲದಿದ್ದರೆ ಇನ್ನೊಮ್ಮೆ ಬರುತ್ತಾರೆ. ಆಗಲೂ ಸಿಗದಿದ್ದರೆ ಆ ಸಲದ ಓಟು ಹೋಯಿತು. ಆಸ್ಪತ್ರೆಗೆ ಅಂತ ಹಿರಿಯರನ್ನು ಮಗಳ ಮನೆಗೆ ಕರೆದುಕೊಂಡು ಹೋಗುವವರು ಇದನ್ನು ಮರೆಯಬಾರದು.

ದೊಡ್ಡವ್ವ ಎರಡು ದಿನ ಯೋಚಿಸಿದಳು. ಅವಳಿಗೆ ಯಂತ್ರದ ಮೇಲೆ ಪ್ರೀತಿ. ಬಟನ್ ಒತ್ತಿದ ಮೇಲೆ ಪಕ್ಕದ ವಿವಿಪ್ಯಾಟ್ ಗಾಜಿನೊಳಗೆ 7 ಸೆಕೆಂಡ್ ಚೀಟಿ ಕಾಣುತ್ತದಲ್ಲ, ಅದನ್ನು ನೋಡಿದರೇನೇ ಅವಳಿಗೆ ಸಮಾಧಾನ. ಆದರೆ ಮತದಾನ ಇದ್ದದ್ದು ಮೇ 7ಕ್ಕೆ. ನಮ್ಮ ಕಡೆ ಮೇ ತಿಂಗಳು ಅಂದರೆ ಕೇಳಬೇಕೇ? ಕೊನೆಗೆ ಅವಳೇ ಅಂದಳು: "ದಾರ್‍ಯಾಗ ಕಣ್ಣು ಕತ್ತಲಿ ಬಂದ್ರ ಓಟೂ ಹೋತು, ನಾನೂ ಹೋದೆ. ಬರ್ಕೋ ತಮ್ಮಾ." ಫಾರಂ ತುಂಬಿದೆವು.

ಅವರು ಬಂದ ದಿನ ಮನೆ ಮುಂದೆ ಅರ್ಧ ಓಣಿ ಸೇರಿತ್ತು. ಇಬ್ಬರು ಮತಗಟ್ಟೆ ಅಧಿಕಾರಿಗಳು, ಒಬ್ಬ ಪೊಲೀಸ್, ವಿಡಿಯೋ ತೆಗೆಯುವ ಹುಡುಗ. ವಿಡಿಯೋ ಇರುವುದು ಕೆಲಸ ಕ್ರಮವಾಗಿ ನಡೆಯಿತಾ ಅಂತ ನೋಡಲಿಕ್ಕೆ. ಯಾರಿಗೆ ಹಾಕಿದರು ಅನ್ನುವುದು ಅದರಲ್ಲಿ ಬರಬಾರದು. ಅಭ್ಯರ್ಥಿಗಳ ಕಡೆಯವರೂ ಬಂದು ನೋಡಬಹುದು, ಮರೆಯೊಳಗೆ ಮಾತ್ರ ಇಣುಕುವಂತಿಲ್ಲ. ಪಡಸಾಲೆಯ ಮೂಲೆಯಲ್ಲಿ ರಟ್ಟಿನ ಮರೆ ನಿಲ್ಲಿಸಿದರು. ನನ್ನನ್ನು ಹೊರಗೆ ಕಳಿಸಿದರು. ನಾನು ಕಟ್ಟೆ ಮೇಲೆ ಕೂತೆ. ಮನೆಯವರೇ ಆದರೂ ಹೊರಗೇ ಇರಬೇಕು ಅನ್ನುವ ಈ ಶಿಸ್ತು ನನಗೆ ತುಂಬಾ ಹಿಡಿಸಿತು. ಕಣ್ಣು ಕಾಣದವರು, ಕೈ ಆಡದವರು ಮಾತ್ರ ಸಹಾಯಕ್ಕೆ ಒಬ್ಬರನ್ನು ಕರೆದುಕೊಳ್ಳಬಹುದು.

ಈಗ ಲಕೋಟೆಯ ಮಾತು. ಅಂಚೆ ಮತ ಕೆಡುವುದು ಹೆಚ್ಚಾಗಿ ಇಲ್ಲೇ. ಗುರುತು ಹಾಕಿದ ಮತಪತ್ರ ಸಣ್ಣ ಲಕೋಟೆಗೆ ಹೋಗಬೇಕು. ಅದನ್ನು ಅಂಟಿಸಬೇಕು. 13ಎ ಅನ್ನುವ ಘೋಷಣೆ ಪತ್ರಕ್ಕೆ ಮತದಾರ ಸಹಿ ಹಾಕಿ, ಅಧಿಕಾರಿಯಿಂದ ದೃಢೀಕರಣ ಮಾಡಿಸಬೇಕು. ಆಮೇಲೆ ಸಣ್ಣ ಲಕೋಟೆ ಮತ್ತು ಘೋಷಣೆ ಎರಡನ್ನೂ ದೊಡ್ಡ ಲಕೋಟೆಯಲ್ಲಿ ಇಡಬೇಕು. ಘೋಷಣೆಯಲ್ಲಿ ಹೆಸರು ಇರುತ್ತದೆ, ಮತಪತ್ರದಲ್ಲಿ ಆಯ್ಕೆ ಇರುತ್ತದೆ. ಎರಡು ಲಕೋಟೆ ಯಾಕೆ ಅಂದರೆ ಇದಕ್ಕೇ. ಹಾಕಿದವರು ಯಾರು ಅಂತ ಮೊದಲು ಖಾತ್ರಿ ಮಾಡಿಕೊಂಡು, ಹೆಸರನ್ನು ಪಕ್ಕಕ್ಕಿಟ್ಟ ಮೇಲೆ ಒಳಗಿನ ಓಟನ್ನು ತೆರೆಯುತ್ತಾರೆ. ಘೋಷಣೆ ಇಲ್ಲದಿದ್ದರೆ, ಸಹಿ ಅಥವಾ ದೃಢೀಕರಣ ಇಲ್ಲದಿದ್ದರೆ, ಘೋಷಣೆಯಲ್ಲಿನ ಮತಪತ್ರದ ನಂಬರ್ ಲಕೋಟೆಯ ಮೇಲಿನದಕ್ಕೆ ಹೊಂದದಿದ್ದರೆ ಒಳಗಿನ ಲಕೋಟೆ ಬಿಚ್ಚುವುದೇ ಇಲ್ಲ. ಓಟು ತಿರಸ್ಕೃತ. ನನ್ನ ಪರಿಚಯದ ಮೇಷ್ಟ್ರೊಬ್ಬರು ಹಳೆಯ ಚುನಾವಣೆಯೊಂದರಲ್ಲಿ ಡ್ಯೂಟಿ ಗಡಿಬಿಡಿಯಲ್ಲಿ 13ಎಗೆ ಸಹಿ ಮಾಡುವುದನ್ನೇ ಮರೆತಿದ್ದರು. ಊರಿಗೆಲ್ಲ ಓಟು ಹಾಕಿಸಿ ಬಂದವರ ಓಟೇ ಇಲ್ಲ. ಅದನ್ನು ನೆನೆದರೆ ಈಗಲೂ ಅವರ ಮುಖ ಸಣ್ಣದಾಗುತ್ತದೆ.

ಒಂದು ಲಕೋಟೆಯಿಂದ ಏನಾಗುತ್ತದೆ ಅನ್ನುವವರು ನಮ್ಮ ಮಸ್ಕಿಯನ್ನು ನೆನಪಿಸಿಕೊಳ್ಳಲಿ. 2018ರ ವಿಧಾನಸಭೆ ಚುನಾವಣೆಯಲ್ಲಿ ಅಲ್ಲಿ ಗೆಲುವಿನ ಅಂತರ 213 ಓಟು. ಎಣಿಕೆಯ ದಿನ ಬೆಳಿಗ್ಗೆ 8ಕ್ಕೆ ಎಣಿಕೆ ಶುರುವಾದಾಗ ಎಲ್ಲಕ್ಕಿಂತ ಮೊದಲು ತೆರೆಯುವುದು ಅಂಚೆ ಮತಗಳನ್ನೇ. ಎಣಿಕೆ ಶುರುವಾದ ಮೇಲೆ ಬಂದ ಲಕೋಟೆಗೆ ಲೆಕ್ಕವಿಲ್ಲ.

ಇನ್ನು ಆನ್‌ಲೈನ್. "ಫೋನ್‌ಪೇದಾಗ ಲಕ್ಷ ರೂಪಾಯಿ ಕಳಸ್ತೀವಿ, ಓಟ್ ಯಾಕ್ ಆಗಂಗಿಲ್ಲ?" ಅಂತ ಹುಡುಗರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಲೋಕಸಭೆ, ವಿಧಾನಸಭೆ ಚುನಾವಣೆಗಳಲ್ಲಿ ಆನ್‌ಲೈನ್ ಮತದಾನ ಇಲ್ಲ. ಆನ್‌ಲೈನ್‌ನಲ್ಲಿ ಆಗುವುದು ಹೆಸರು ಸೇರಿಸುವ 6ನೇ ನಮೂನೆ, ವಿಳಾಸ ಬದಲಿಸುವ 8ನೇ ನಮೂನೆ, ಇಂಥ ಕೆಲಸಗಳು. ಸೈನಿಕರದ್ದು ಆನ್‌ಲೈನ್ ಓಟು ಅನ್ನುವುದೂ ಅರ್ಧ ನಿಜ. ಇಟಿಪಿಬಿಎಸ್ ಅನ್ನುವ ವ್ಯವಸ್ಥೆಯಲ್ಲಿ ಖಾಲಿ ಮತಪತ್ರ ಅವರಿಗೆ ಕಂಪ್ಯೂಟರ್ ಮೂಲಕ ಹೋಗುತ್ತದೆ. ಅದನ್ನು ಪ್ರಿಂಟ್ ತೆಗೆದು, ಗುರುತು ಹಾಕಿ, ವಾಪಸ್ ಕಳಿಸುವುದು ಅಂಚೆಯಲ್ಲೇ.

ಹಣ ಕಳಿಸುವುದಕ್ಕೂ ಓಟಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಬ್ಯಾಂಕಿನಲ್ಲಿ ಪ್ರತಿ ರೂಪಾಯಿಯ ಮೇಲೂ ನಮ್ಮ ಹೆಸರು ಇರಲೇಬೇಕು. ತಪ್ಪಾದರೆ ಆ ಹೆಸರಿನಿಂದಲೇ ಹುಡುಕಿ ಸರಿ ಮಾಡುತ್ತಾರೆ. ಓಟಿನ ಮೇಲೆ ಹೆಸರು ಇರಲೇಬಾರದು. ಜೊತೆಗೆ, ಮೊಬೈಲಿನಲ್ಲಿ ಓಟು ಹಾಕುವಾಗ ಹೆಗಲ ಮೇಲಿಂದ ಯಾರು ಇಣುಕುತ್ತಿದ್ದಾರೆ ಅಂತ ಯಾರಿಗೆ ಗೊತ್ತು? ಸಾಲ ಕೊಟ್ಟ ಸಾಹುಕಾರ ಮುಂದೆ ಕೂತು "ಒತ್ತು, ನೋಡ್ತೀನಿ" ಅಂದರೆ ಆ ಕೂಲಿಯವ ಏನು ಮಾಡಬೇಕು? ಎಸ್ಟೋನಿಯಾ ದೇಶದಲ್ಲಿ 2005ರಿಂದ ಇಂಟರ್‌ನೆಟ್ ಮತದಾನ ಇದೆ. ಅಲ್ಲಿ ಎಷ್ಟು ಸಲ ಬೇಕಾದರೂ ಓಟು ಬದಲಿಸಬಹುದು, ಕೊನೆಯದಷ್ಟೇ ಲೆಕ್ಕ. ಒತ್ತಾಯ ಮಾಡಿದವರು ಎದ್ದು ಹೋದ ಮೇಲೆ ತನಗೆ ಬೇಕಾದವರಿಗೆ ಹಾಕಬಹುದು ಅಂತ ಈ ಏರ್ಪಾಡು. ನಮ್ಮಲ್ಲೂ 2025ರ ಜೂನ್‌ನಲ್ಲಿ ಬಿಹಾರದ ರಾಜ್ಯ ಚುನಾವಣಾ ಆಯೋಗ ನಗರಸಭೆ ಮಟ್ಟದ ಚುನಾವಣೆಯಲ್ಲಿ ಮೊಬೈಲ್ ಆಪ್ ಮತದಾನ ಮಾಡಿಸಿತು. ಆದರೆ ಸಾಹುಕಾರನ ಪ್ರಶ್ನೆಗೆ ಉತ್ತರ ಸಿಗುವ ತನಕ ನನ್ನ ಓಟು ಮತಗಟ್ಟೆಯ ರಟ್ಟಿನ ಮರೆಗೇ. ನಡೆಯಲು ಆಗುವವರು ಅಲ್ಲಿಗೇ ಹೋಗಿ ಅಂತಲೂ ಹೇಳುತ್ತೇನೆ. ಅಲ್ಲಿ ಲಕೋಟೆ ಇಲ್ಲ, ಸಹಿ ತಪ್ಪುವ ಭಯ ಇಲ್ಲ, ಚೀಟಿ ಕಣ್ಣಾರೆ ಕಾಣುತ್ತದೆ. ನಡೆಯಲು ಆಗದವರು ಸಂಕೋಚವಿಲ್ಲದೆ 12ಡಿ ಕೇಳಿ. ಅದು ದಯೆ ಅಲ್ಲ, ಹಕ್ಕು.

ನನಗೆ ಸಂಕಟ ಆಗುವುದು ಈ ಮೂರರಲ್ಲಿ ಯಾವುದೂ ಕೈಗೆಟುಕದವರ ಬಗ್ಗೆ. ಗುಳೆ ಹೋದವರು. ದೇವದುರ್ಗ, ಲಿಂಗಸುಗೂರು, ಕುಷ್ಟಗಿ ಕಡೆಯಿಂದ ಮನೆಗೆ ಬೀಗ ಹಾಕಿ, ಮುದುಕರನ್ನು ಊರಲ್ಲಿ ಬಿಟ್ಟು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದವರು. ಅವರಿಗೆ ಅಂಚೆ ಮತ ಇಲ್ಲ, ಆನ್‌ಲೈನ್ ಇಲ್ಲ. ತಾತ್ಕಾಲಿಕವಾಗಿ ಹೊರಗೆ ಇದ್ದ ಮಾತ್ರಕ್ಕೆ ಸ್ವಂತ ಊರಿನ ವಾಸ ತಪ್ಪುವುದಿಲ್ಲ ಅಂತ 1950ರ ಪ್ರಜಾಪ್ರತಿನಿಧಿ ಕಾಯ್ದೆ ಹೇಳುತ್ತದೆ. ಹಾಗಾಗಿ ಹೆಸರು ಊರಲ್ಲೇ ಇರುತ್ತದೆ, ಮನುಷ್ಯ ಇರುವುದಿಲ್ಲ. ಇವರಿಗಾಗಿಯೇ 2022ರ ಡಿಸೆಂಬರ್ 29ರಂದು ಚುನಾವಣಾ ಆಯೋಗ ಒಂದು ಹೊಸ ಯಂತ್ರದ ವಿಷಯ ಹೇಳಿತ್ತು. ಆರ್‌ವಿಎಂ, ಅಂದರೆ ದೂರದಿಂದ ಓಟು ಹಾಕುವ ಯಂತ್ರ. ಒಂದೇ ಮತಗಟ್ಟೆಯಿಂದ 72 ಕ್ಷೇತ್ರಗಳ ಮತ ತಗೊಳ್ಳುವ ಮಾದರಿ, ಇಂಟರ್‌ನೆಟ್ ಸಂಪರ್ಕ ಇಲ್ಲದ್ದು. ಬೆಂಗಳೂರಿನಲ್ಲೇ ನಿಂತು ಮಸ್ಕಿಗೆ ಓಟು ಹಾಕಬಹುದಿತ್ತು. 2023ರ ಜನವರಿ 16ರಂದು ಪಕ್ಷಗಳನ್ನು ಕರೆದರು. ಹಲವು ಪಕ್ಷಗಳು ಒಪ್ಪಲಿಲ್ಲ. 2024ರ ಚುನಾವಣೆಯಲ್ಲಿ ಆ ಯಂತ್ರ ಬರಲಿಲ್ಲ. ಅವರ ಅನುಮಾನಗಳಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಮಾತುಕತೆ ಅಲ್ಲಿಗೇ ನಿಲ್ಲಬಾರದಿತ್ತು.

ಆ ಮೇ 6ರ ಸಂಜೆ ನಮ್ಮ ಓಣಿಯ ಹುಡುಗ ಬೆಂಗಳೂರಿನಿಂದ ಫೋನ್ ಮಾಡಿದ. "ಕಾಕಾ, ದೊಡ್ಡವ್ವಗ ಮನ್ಯಾಗೇ ಹಾಕ್ಸಿದ್ರಂತಲ್ಲ, ನನಗ ಇಲ್ಲಿಂದ ಹಾಕಾಕ ಬರ್ತದೇನ್?" ಇಲ್ಲಪ್ಪಾ, ಬರಲೇಬೇಕು ಅಂದೆ. ರಾತ್ರಿ ಬಸ್ಸಿಗೆ ಹೆಂಡತಿ, ಮಗು ಸಮೇತ ಹತ್ತಿದ. ಸೀಟು ಸಿಗದೆ ಸುಮಾರು ದಾರಿ ನಿಂತೇ ಬಂದರಂತೆ. ಬೆಳಿಗ್ಗೆ ಮತಗಟ್ಟೆಯಿದ್ದ ಶಾಲೆ ಮುಂದೆ ಗಂಡ ಹೆಂಡತಿ ಇಬ್ಬರೂ ಸಾಲಿನಲ್ಲಿ ನಿಂತಿದ್ದರು, ಮಗು ದೊಡ್ಡವ್ವನ ಮಡಿಲಲ್ಲಿ ಮಲಗಿತ್ತು. ಸಂಜೆ ಬಸ್ಸಿಗೆ ಮತ್ತೆ ವಾಪಸ್ ಹೋದರು.