ತಿರಸ್ಕಾರದ ಹಿಂಬರಹವನ್ನು ಮಡಚಿಡಬೇಡಿ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಅರಣ್ಯ ಹಕ್ಕಿನ ವಿಚಾರವಾಗಿ ನನ್ನ ಕಚೇರಿಗೆ ಬರುವ ಕಕ್ಷಿದಾರರಲ್ಲಿ ಹೆಚ್ಚಿನವರ ಕೈಯಲ್ಲಿ ಇರುವುದು ಒಂದೇ ಕಾಗದ: ‘ಮೂರು ತಲೆಮಾರಿನ ದಾಖಲೆ ಒದಗಿಸದ ಕಾರಣ ಅರ್ಜಿ ತಿರಸ್ಕರಿಸಲಾಗಿದೆ’ ಎಂಬ ಹಿಂಬರಹ. ಅದರ ದಿನಾಂಕ ನೋಡಿದರೆ ವರ್ಷಗಳೇ ಉರುಳಿರುತ್ತವೆ. ಇಷ್ಟು ದಿನ ಏನು ಮಾಡಿದಿರಿ ಎಂದು ಕೇಳಿದರೆ, ಶಾಸಕರಿಗೆ ಮನವಿ ಕೊಟ್ಟದ್ದನ್ನು, ಧರಣಿಯಲ್ಲಿ ಕೂತದ್ದನ್ನು ಹೇಳುತ್ತಾರೆ. 1951ರಲ್ಲಿ ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದ ಈ ನೆಲದಲ್ಲಿ ಹೋರಾಟವನ್ನು ಹಗುರವಾಗಿ ಕಾಣುವವನು ನಾನಲ್ಲ. ಆದರೆ ಮನವಿ ಬೇರೆ, ಮೇಲ್ಮನವಿ ಬೇರೆ ಎಂಬುದನ್ನು ಎಷ್ಟು ಸಲ ಹೇಳಿದರೂ ಸಾಲದು.

ಅರಣ್ಯದಲ್ಲಿ ನೆಲೆಸಿ ಬಾಳಿದವರ ಭೂಮಿಯ ಹಕ್ಕನ್ನು ಮಾನ್ಯ ಮಾಡುವ 2006ರ ಅರಣ್ಯ ಹಕ್ಕು ಕಾಯ್ದೆಯಂತೆ, ಗ್ರಾಮಸಭೆಯ ನಿರ್ಣಯ ಒಪ್ಪಿಗೆಯಾಗದಿದ್ದರೆ 60 ದಿನಗಳೊಳಗೆ ಉಪವಿಭಾಗ ಮಟ್ಟದ ಸಮಿತಿಗೆ, ಅಲ್ಲಿಯೂ ಸೋತರೆ ಮತ್ತೆ 60 ದಿನಗಳೊಳಗೆ ಜಿಲ್ಲಾ ಮಟ್ಟದ ಸಮಿತಿಗೆ ಮೇಲ್ಮನವಿ ಸಲ್ಲಿಸಬೇಕು. ಹೇಳಿಕೊಳ್ಳಲು ಅವಕಾಶ ಕೊಡದೆ ಅದನ್ನು ವಜಾ ಮಾಡುವಂತಿಲ್ಲ. ತಿರಸ್ಕಾರವನ್ನು ಅರ್ಜಿದಾರರಿಗೆ ಖುದ್ದಾಗಿ ತಿಳಿಸಬೇಕೆಂದು ನಿಯಮವೇ ಹೇಳುತ್ತದೆ. ಹಾಗೆ ತಿಳಿಸದೇ ಇದ್ದ ಪ್ರಕರಣಗಳಲ್ಲಿ ತಡವಾದರೂ ವಾದಿಸಲು ದಾರಿಯಿದೆ, ಆದರೆ ಅದು ಆಯಾ ಕಡತವನ್ನು ಅವಲಂಬಿಸಿರುತ್ತದೆ; ನೋಡದೆ ಯಾರಿಗೂ ಭರವಸೆ ಕೊಡಲಾರೆ.

ದಾಖಲೆ ಇಲ್ಲವೆಂಬ ಹೆದರಿಕೆಯೇ ಜನರನ್ನು ಹೆಚ್ಚಾಗಿ ಕಟ್ಟಿಹಾಕಿದೆ. ಪರಿಶಿಷ್ಟ ಪಂಗಡದವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯವನ್ನು ನೆಚ್ಚಿ ಅಲ್ಲಿ ಬಾಳಿದ್ದನ್ನು ತೋರಿಸಬೇಕು ಎಂಬುದು ನಿಜ. ಆದರೆ ಸರ್ಕಾರದ ಮೊಹರಿರುವ ಹಳೆಯ ಕಾಗದವನ್ನೇ ತನ್ನಿ ಎಂದು ಸಮಿತಿಗಳು ಪಟ್ಟು ಹಿಡಿಯುವಂತಿಲ್ಲ. ಅರ್ಜಿದಾರರಲ್ಲದ ಊರ ಹಿರಿಯರ ಲಿಖಿತ ಹೇಳಿಕೆ, ಮನೆ, ಬಾವಿ, ಒಡ್ಡು, ಸ್ಮಶಾನ ಇವೆಲ್ಲ ನಿಯಮ 13ರಲ್ಲಿ ಹೆಸರಿಸಿರುವ ಸಾಕ್ಷ್ಯಗಳೇ. ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಬೇಕು, ಅಷ್ಟೇ.

ಹೊಸನಗರ ಕಡೆಯ ಒಬ್ಬ ತಾಯಿ ಹಿಂಬರಹವನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದರು. ಅವರ ಅಂಗಳದಲ್ಲಿ ಮಾವನ ತಂದೆ ಜಂಬಿಟ್ಟಿಗೆ ಕಟ್ಟಿಸಿದ ಬಾವಿಯಿತ್ತು. ಸ್ಥಳ ಪರಿಶೀಲನೆಯ ಮಹಜರಿನಲ್ಲಿ ಅದರ ಉಲ್ಲೇಖವೇ ಇರಲಿಲ್ಲ. ಆ ಬಾವಿ ತೋಡುವುದನ್ನು ಹುಡುಗನಾಗಿದ್ದಾಗ ಕಂಡಿದ್ದ ಪಕ್ಕದ ಮನೆಯ ಅಜ್ಜ, ಹಿಂಬರಹ ಬಂದ ಮೇಲೆ ಎರಡು ಮಳೆಗಾಲ ಬದುಕಿದ್ದರೂ, ಅವರ ಹೇಳಿಕೆಯನ್ನು ಯಾರೂ ಬರೆಸಿಕೊಳ್ಳಲಿಲ್ಲ. ಇಂಥದ್ದನ್ನು ಕಂಡಾಗ ಸಿಟ್ಟು, ಸಂಕಟ ಎರಡೂ ಆಗುತ್ತದೆ.

ಅನುಮತಿಯಿಲ್ಲದೆ ಸಾಗುವಳಿ ಮಾಡಿದ ಕಂದಾಯ ಭೂಮಿಯ ಸಕ್ರಮಕ್ಕಾಗಿ ಬಗರ್‌ಹುಕುಂ ಅರ್ಜಿ, ಅಂದರೆ ನಮೂನೆ 57, ಹಾಕಿದ್ದರೆ ಅದು ಅರಣ್ಯ ಹಕ್ಕಿನ ಅರ್ಜಿಯ ಬದಲಿಯಾಗುವುದಿಲ್ಲ. ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯಿಂದ ಬಂದು ನೆಲೆಸಿದ ಕುಟುಂಬಗಳ ಪ್ರಶ್ನೆ ಇನ್ನೂ ಜಟಿಲ, ಅದಕ್ಕೆ ಇಲ್ಲಿ ಜಾಗ ಸಾಲದು. ಅರ್ಜಿಯ ಪರಿಶೀಲನೆ ಪೂರ್ಣಗೊಳ್ಳುವವರೆಗೆ ಒಕ್ಕಲೆಬ್ಬಿಸಬಾರದು ಎನ್ನುವ ಕಲಂ 4(5)ರ ರಕ್ಷಣೆ ಉಳಿಯಬೇಕಾದರೂ ಮೇಲ್ಮನವಿ ಜೀವಂತವಾಗಿರುವುದು ಒಳ್ಳೆಯದು. ವಕೀಲರ ಶುಲ್ಕದ ಚಿಂತೆಯಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ನೆರವು ಉಚಿತ. ಹೋಗುವಾಗ ಹಿಂಬರಹದ ಜೊತೆಗೆ, ಅದು ನಿಮ್ಮ ಕೈಸೇರಿದ ದಿನಾಂಕವನ್ನೂ ಬರೆದುಕೊಂಡು ಹೋಗಿ.