ಗಿಲ್ಮೋರ್ ದೊಡ್ಡವನೋ, ವಾಟರ್ಸ್ ದೊಡ್ಡವನೋ?

ಪ್ರಶ್ನೆ: ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್ ಅನ್ನು ಕೇಳುವ ನಾಲ್ಕು ಜನ ಸೇರಿದರೆ ಸಾಕು, ಅದರ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಮತ್ತು ರೋಜರ್ ವಾಟರ್ಸ್ ಇಬ್ಬರಲ್ಲಿ ಯಾರು ಉತ್ತಮ ಸಂಗೀತಗಾರ ಎಂಬ ಜಗಳ ಶುರುವಾಗುತ್ತದೆ. ಇದಕ್ಕೆ ಉತ್ತರವೆಂಬುದು ಇದೆಯೇ?

ಇದೆ. ಗಿಲ್ಮೋರ್.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಈ ಮಾತನ್ನು ವಾಟರ್ಸ್ ಅಭಿಮಾನಿಯ ಎದುರು ಹೇಳಿ ನೋಡಿ, ಅವನು ಒಡನೆಯೇ ಕೇಳುತ್ತಾನೆ: ಹಾಗಾದರೆ ತಂಡದ 'ದಿ ವಾಲ್' ಆಲ್ಬಮ್ ಯಾರ ತಲೆಯಲ್ಲಿ ಹುಟ್ಟಿತು? ಜಗಳ ಮುಗಿಯದಿರುವುದು ಇಲ್ಲಿಯೇ. ನುಡಿಸುವವನ ಲೆಕ್ಕದ ಪುಸ್ತಕಕ್ಕೆ ಬರೆಯುವವನ ಜಮೆಯನ್ನು ಸೇರಿಸಿ ಕೂಡಿಸಿದರೆ ಮೊತ್ತ ಎಂದೂ ತಾಳೆಯಾಗುವುದಿಲ್ಲ.

ಮೊದಲು ನುಡಿಸುವವರನ್ನೇ ನೋಡೋಣ. ವಾಟರ್ಸ್ ತಂಡದಲ್ಲಿ ತಗ್ಗಿನ ಸ್ವರಗಳ ಬಾಸ್ ಗಿಟಾರ್ ನುಡಿಸುತ್ತಿದ್ದವನು. ಆದರೆ ಧ್ವನಿಮುದ್ರಿಕೆಗಳಲ್ಲಿ ಕೇಳುವ ಬಾಸ್ ಎಲ್ಲವೂ ಅವನದಲ್ಲ. 1977ರ 'ಅನಿಮಲ್ಸ್' ಆಲ್ಬಮ್ಮಿನ 'ಪಿಗ್ಸ್' ಮತ್ತು 'ಶೀಪ್' ಹಾಡುಗಳಲ್ಲಿ ಬಾಸ್ ನುಡಿಸಿದವನು ಗಿಲ್ಮೋರ್. 'ದಿ ವಾಲ್'ನ 'ಹೇ ಯೂ' ಹಾಡಿನಲ್ಲಿ, ಮನೆಗಳಿಲ್ಲದ (ಫ್ರೆಟ್‌ಗಳಿಲ್ಲದ) ಬಾಸ್ ಗಿಟಾರಿನ ಮೇಲೆ ಸ್ವರಗಳು ಜಾರುವ ಆ ಸುಂದರ ನುಡಿಸಾಣಿಕೆಯೂ ಅವನದೇ. ವಾಟರ್ಸ್‌ನ ಬಾಸ್ ಎಂದು ಎಷ್ಟೋ ಅಭಿಮಾನಿಗಳು ತಲೆದೂಗಿದ್ದು ಗಿಲ್ಮೋರ್‌ನ ಬೆರಳುಗಳಿಗೆ. ಇದಕ್ಕೆ ಅವನ ಹಾಡುಗಾರಿಕೆಯನ್ನೂ ತಂತಿಯ ಮೇಲೆ ಲೋಹದ ಸರಳು ಜಾರಿಸಿ ನುಡಿಸುವ ಲ್ಯಾಪ್ ಸ್ಟೀಲ್, ಪೆಡಲ್ ಸ್ಟೀಲ್ ಗಿಟಾರುಗಳನ್ನೂ ಸೇರಿಸಿದರೆ ತಕ್ಕಡಿ ನೆಲ ಮುಟ್ಟುತ್ತದೆ.

ಗಿಲ್ಮೋರ್ ವೇಗದ ವಾದಕನೇನೂ ಅಲ್ಲ. ಅವನಿಗಿಂತ ಮೂರು ಪಟ್ಟು ಬೇಗ ನುಡಿಸುವವರು ಬೀದಿಗೊಬ್ಬರು ಸಿಕ್ಕಾರು. ಒಂದು ಸ್ವರವನ್ನು ತಂತಿಯ ಮೇಲೆ ಎಳೆದು, ಮುಂದಿನ ಸ್ವರದ ಹೊಸ್ತಿಲಲ್ಲಿ ಒಂದು ಕ್ಷಣ ನಿಲ್ಲಿಸಿ, ಆಮೇಲೆ ಒಳಗೆ ಬಿಡುವುದು ಅವನ ಬಗೆ. ಗಮಕ ಕೇಳಿ ಬೆಳೆದ ಕಿವಿಗೆ ಅದರ ಬೆಲೆಯನ್ನು ವಿವರಿಸಬೇಕಾಗಿಲ್ಲ. 1975ರ 'ಶೈನ್ ಆನ್ ಯೂ ಕ್ರೇಜಿ ಡೈಮಂಡ್' ಹುಟ್ಟಿದ್ದೇ ಅಭ್ಯಾಸದ ಕೋಣೆಯಲ್ಲಿ ಅವನು ನುಡಿಸಿದ ನಾಲ್ಕು ಸ್ವರಗಳಿಂದ. ಆದರೆ ಆ ನಾಲ್ಕು ಸ್ವರಗಳಲ್ಲಿ ಸಿಡ್ ಬ್ಯಾರೆಟ್‌ನನ್ನು ಕಂಡವನು, ತಂಡ ಕಟ್ಟಿ ಮನಸ್ಸು ಕದಡಿಕೊಂಡು 1968ರಲ್ಲಿ ಹೊರಗುಳಿದ ಆ ಗೆಳೆಯನಿಗೆ ಮಾತು ಕಟ್ಟಿದವನು ವಾಟರ್ಸ್.

ವಾಟರ್ಸ್‌ನನ್ನು ಬರಿಯ ಮಾತುಗಾರನೆಂದು ತಳ್ಳಿಹಾಕುವವರು 'ಮನಿ' ಹಾಡನ್ನು ಮರೆಯುತ್ತಾರೆ. ಅದರ ಬಾಸ್ ವರಸೆ ಅವನದು. ಏಳು ಮಾತ್ರೆಯ ಲೆಕ್ಕ. ಮಿಶ್ರಛಾಪಿಗೆ ಒಗ್ಗಿದ ನಮಗೆ ಸಲೀಸು, ರಾಕ್ ಸಂಗೀತದಲ್ಲಿ ಅಪರೂಪ. ಹಾಡಿನ ಮೊದಲಿಗೆ ಕೇಳುವ ನಾಣ್ಯದ ಸದ್ದಿಗೆ ಅವನು ತನ್ನ ಹೆಂಡತಿ ಮಡಕೆಯ ಜೇಡಿಮಣ್ಣು ಕಲಸುತ್ತಿದ್ದ ಬೋಗುಣಿಯೊಳಕ್ಕೆ ಚಿಲ್ಲರೆ ಎಸೆದು ಧ್ವನಿ ಹಿಡಿದ. ಅಂಥ ಏಳು ಸದ್ದುಗಳ ಟೇಪನ್ನು ಅಳತೆಪಟ್ಟಿ ಇಟ್ಟು ಸಮನಾಗಿ ಕತ್ತರಿಸಿ ಅಂಟಿಸಿದ್ದಾಯಿತು, ಅದೇ ತಾಳವಾಯಿತು. ಇದು ಸಂಗೀತಗಾರನ ಬುದ್ಧಿಯಲ್ಲದೆ ಮತ್ತೇನು? ಗಿಲ್ಮೋರ್‌ನ ಗಿಟಾರಿನ ಸರದಿ ಬಂದಾಗ ಮಾತ್ರ ಏಳು ಹೋಗಿ ನಾಲ್ಕಾಗುತ್ತದೆ; ಅವನು ಉಸಿರಾಡಲು ಅಷ್ಟು ಜಾಗ ಬೇಕಿತ್ತು ಅನ್ನಿಸುತ್ತದೆ.

ಈ ಜಗಳಕ್ಕೆ ಬೇಕಾದ ಪದ ಇಂಗ್ಲಿಷಿಗಿಂತ ನಮ್ಮಲ್ಲೇ ಚೆನ್ನಾಗಿದೆ: ವಾಗ್ಗೇಯಕಾರ. ಸಾಹಿತ್ಯ 'ಮಾತು', ಸ್ವರರಚನೆ 'ಧಾತು', ಎರಡನ್ನೂ ಮಾಡುವವನು ವಾಗ್ಗೇಯಕಾರ ಎಂದು 13ನೇ ಶತಮಾನದ 'ಸಂಗೀತರತ್ನಾಕರ'ದಲ್ಲಿ ಶಾರ್ಙ್ಗದೇವ ಹೇಳುತ್ತಾನೆ. ಅಲ್ಲಿಗೇ ಬಿಡದೆ ಶ್ರೇಣಿಯನ್ನೂ ಕೊಡುತ್ತಾನೆ. ಧಾತು ಗಟ್ಟಿಯಿದ್ದು ಮಾತು ಮಂದವಾದವನು ಮಧ್ಯಮ. ಮಾತು ರಮ್ಯವಾಗಿದ್ದು ಧಾತು ಮಂದವಾದವನು ಅಧಮ. ದೇವಗಿರಿಯ ಯಾದವರ ಆಸ್ಥಾನದಲ್ಲಿ ಕುಳಿತವನಿಗೆ ಪಿಂಕ್ ಫ್ಲಾಯ್ಡ್ ಅಭಿಮಾನಿಗಳ ಕಷ್ಟ ಹೇಗೆ ತಿಳಿಯಿತೋ! ಅವನ ತೀರ್ಪಿನಂತೆ ಗಿಲ್ಮೋರ್ ಮಧ್ಯಮ. ವಾಟರ್ಸ್‌ಗೆ ಅಧಮ ಎಂಬ ಪಟ್ಟ ಕಟ್ಟಲು ನನಗೆ ಮನಸ್ಸಿಲ್ಲ. 'ಮನಿ' ಒಂದೇ ಅವನನ್ನು ಆ ಸಾಲಿನಿಂದ ಎಬ್ಬಿಸಿಬಿಡುತ್ತದೆ.

ಇಬ್ಬರೂ ಸೇರಿ ಉತ್ತಮರಾದದ್ದು 'ಕಂಫರ್ಟೆಬ್ಲಿ ನಂಬ್' ಹಾಡಿನಲ್ಲಿ. ರಾಗ ಗಿಲ್ಮೋರ್‌ನದು. ಮಾತು ವಾಟರ್ಸ್‌ನದು: 1977ರಲ್ಲಿ ಫಿಲಡೆಲ್ಫಿಯಾದ ಕಛೇರಿಗೆ ಮುನ್ನ ಹೊಟ್ಟೆನೋವಿಗೆ ವೈದ್ಯರು ಚುಚ್ಚಿದ ಮದ್ದಿನಿಂದ ಕೈ ಜೋಮು ಹಿಡಿದೇ ವೇದಿಕೆ ಹತ್ತಿದ ಅನುಭವ ಅದರ ಬೇರು. ವಾದ್ಯಮೇಳ ಎಷ್ಟಿರಬೇಕು, ತಂಡದ ಒರಟುತನ ಎಷ್ಟಿರಬೇಕು ಎಂದು ಇಬ್ಬರೂ ಕಚ್ಚಾಡಿ ಕೊನೆಗೆ ರಾಜಿಯಾದರು. ಕೊನೆಯ ಗಿಟಾರ್ ಭಾಗ ಒಂದೇ ಉಸಿರಿನಲ್ಲಿ ಬಂದದ್ದೆಂದು ನಂಬಿದವರಿಗೆ ನಿರಾಸೆ ಕಾದಿದೆ. ಗಿಲ್ಮೋರ್ ಐದಾರು ಬಾರಿ ನುಡಿಸಿ, ಪ್ರತಿಯೊಂದರ ಒಳ್ಳೆಯ ತುಣುಕುಗಳನ್ನು ಗುರುತು ಮಾಡಿಕೊಂಡು ಹೊಲಿದ ಕೌದಿ ಅದು. ನನಗೇನೋ ಇದು ತಿಳಿದ ಮೇಲೆ ಅವನ ಮೇಲಿನ ಗೌರವ ಹೆಚ್ಚಿತು.

1985ರಲ್ಲಿ ವಾಟರ್ಸ್ ಹೊರನಡೆದ. ತಂಡದ ಹೆಸರು ಯಾರದೆಂಬ ಜಗಳಕ್ಕೆ ವಕೀಲರು ಬಂದರು. ಅಭಿಮಾನಿಗಳಿಗೆ ಅದರಿಂದ ಸಿಕ್ಕ ಲಾಭವೆಂದರೆ ಇಬ್ಬರನ್ನೂ ಬೇರೆಬೇರೆಯಾಗಿ ತೂಗುವ ಅವಕಾಶ. ವಾಟರ್ಸ್ ತನ್ನ ಸ್ವಂತ ಆಲ್ಬಮ್‌ಗಳಿಗೆ ಸಾಮಾನ್ಯರನ್ನು ಕರೆಯಲಿಲ್ಲ. ತಂಡ ಬಿಡುವ ಮುನ್ನವೇ 1984ರಲ್ಲಿ ಎರಿಕ್ ಕ್ಲ್ಯಾಪ್ಟನ್, 1992ರಲ್ಲಿ ಜೆಫ್ ಬೆಕ್ ಅವನಿಗೆ ಗಿಟಾರ್ ನುಡಿಸಿದರು. ಅಂಥವರಿದ್ದೂ ಏನೋ ಒಂದು ಬರಲಿಲ್ಲ. ಅತ್ತ ಗಿಲ್ಮೋರ್ ಮಾತಿಗಾಗಿ ಅಲೆದ. 1987ರಲ್ಲಿ ಹೊರಗಿನ ಆಂಥೊನಿ ಮೂರ್ ನೆರವಾದ, 1994ರಲ್ಲಿ ಮುಂದೆ ತನ್ನ ಹೆಂಡತಿಯಾದ ಪಾಲಿ ಸ್ಯಾಮ್ಸನ್ ಬರೆದುಕೊಟ್ಟಳು. ಧ್ವನಿ ಇಂಪಾಗಿತ್ತು, ಹೇಳಲು ಹೆಚ್ಚೇನೂ ಇರಲಿಲ್ಲ. 2002ರಲ್ಲಿ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗಲೂ ಗಿಲ್ಮೋರ್ ಒಬ್ಬನ ಜಾಗ ತುಂಬಲು ಒಬ್ಬರಿಗಿಂತ ಹೆಚ್ಚು ಗಿಟಾರ್ ವಾದಕರು ಜೊತೆಗಿದ್ದರು. 2023ರಲ್ಲಿ ಎಂಬತ್ತರ ವಾಟರ್ಸ್ ತಂಡದ ಹಳೆಯ ಆಲ್ಬಮ್ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಅನ್ನು ಹೊಸದಾಗಿ ಮಾಡಿದಾಗ ಆ ಗಿಟಾರ್ ಭಾಗಗಳನ್ನೇ ಕಿತ್ತು ಅಲ್ಲಿ ತನ್ನ ಮಾತು ತುಂಬಿದ. ಛಲ ಎಂದರೆ ಇದು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುವಂತೆ ಈ ವಾದದಲ್ಲಿ ಬಡವಾದವನು ಕೀಬೋರ್ಡಿನ ರಿಚರ್ಡ್ ರೈಟ್. ಸ್ವರಮೇಳದ ಸೂಕ್ಷ್ಮ ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಇದ್ದದ್ದು ಅವನಿಗೆ. 'ಬ್ರೀದ್' ಹಾಡಿನ ಒಂದು ಮುಖ್ಯ ತಿರುವನ್ನು ಅವನು ತಂದದ್ದು ಮೈಲ್ಸ್ ಡೇವಿಸ್‌ನ ಜಾಜ್‌ನಿಂದ. 'ಅಸ್ ಅಂಡ್ ದೆಮ್' ಹಾಡಿನ ಸಂಗೀತ ಮೂಲತಃ ಇಟಲಿಯ ನಿರ್ದೇಶಕ ಆಂಟೋನಿಯೋನಿಯ ಚಿತ್ರಕ್ಕೆಂದು ಅವನು ಪಿಯಾನೋದಲ್ಲಿ ಮಾಡಿ ತಿರಸ್ಕೃತವಾದದ್ದು. 'ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ' ಕೂಡ ಅವನ ಪಿಯಾನೋದಿಂದಲೇ ಎದ್ದದ್ದು. ಇಂಥವನನ್ನು 'ದಿ ವಾಲ್' ಮುದ್ರಣದ ವೇಳೆ ತಂಡದಿಂದ ತೆಗೆದು, ಅದರ ಪ್ರವಾಸಕ್ಕೆ ಸಂಬಳದ ಮೇಲೆ ಕರೆದೊಯ್ದರು. ಪ್ರವಾಸದಲ್ಲಿ ನಷ್ಟವಾಯಿತು, ಮಾಲೀಕರಾದ ಉಳಿದ ಮೂವರೂ ಅದನ್ನು ಹೊತ್ತರು, ದುಡ್ಡು ಕಂಡವನು ಸಂಬಳದ ರೈಟ್ ಒಬ್ಬನೇ!

1971ರಲ್ಲಿ ಪಾಂಪೇಯಿಯ ಪಾಳುಬಿದ್ದ ರಂಗಮಂದಿರದಲ್ಲಿ ಪ್ರೇಕ್ಷಕರಿಲ್ಲದೆ ನುಡಿಸಿ ಚಿತ್ರೀಕರಿಸಿದ 'ಎಕೋಸ್' ಶುರುವಾಗುವುದು ರೈಟ್‌ನ ಪಿಯಾನೋದ ಒಂದೇ ಒಂದು ಸ್ವರದಿಂದ, ಬಾವಿಗೆ ಬಿದ್ದ ಹನಿಯಂತೆ. ರೈಟ್ 2008ರಲ್ಲಿ ತೀರಿಕೊಂಡ. 2016ರ ಜುಲೈಯಲ್ಲಿ ಗಿಲ್ಮೋರ್ ಅದೇ ರಂಗಮಂದಿರಕ್ಕೆ ಮರಳಿ ಎರಡು ರಾತ್ರಿ ನುಡಿಸಿದ. ಎಲ್ಲರೂ ಕಾದಿದ್ದು 'ಎಕೋಸ್'ಗೆ. ರೈಟ್ ಇಲ್ಲದೆ ಅದನ್ನು ನುಡಿಸಲಾರೆ ಎಂದು ಗಿಲ್ಮೋರ್ ಹೇಳಿದ, ನುಡಿಸಲೂ ಇಲ್ಲ.